ಎರಡೂವರೆ ಸೆಕೆಂಡಿನ ಜಾರು: ಸ್ಪ್ಲಾಶ್ ಮೌಂಟನ್ ಹೋಗಿ ಟಿಯಾನಾ ಬಂದ ಪ್ರಕರಣ

ಫ್ಲಾರಿಡಾದ ಡಿಸ್ನಿ ಪಾರ್ಕು ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಸ್ಪ್ಲಾಶ್ ಮೌಂಟನ್ ಎಂಬ ನೀರಾಟದ ರೈಡಿನ ಕೊನೆಯ ದೋಣಿ ಜಾರಿದ್ದು 2023ರ ಜನವರಿ 22ರಂದು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿದ್ದ ಅದರ ಅಣ್ಣ ಅದೇ ವರ್ಷ ಮೇ 30ರವರೆಗೆ ಓಡಿತು. ಆಮೇಲೆ ಅದೇ ಬೆಟ್ಟ, ಅದೇ ಕಾಲುವೆಯಲ್ಲಿ ಡಿಸ್ನಿ ಚಿತ್ರವೊಂದರ ರಾಜಕುಮಾರಿ ಟಿಯಾನಾಳ ‘ಟಿಯಾನಾಸ್ ಬಯೂ ಅಡ್ವೆಂಚರ್’ ಎಂಬ ಹೊಸ ರೈಡು ಶುರುವಾಯಿತು. ಫ್ಲಾರಿಡಾದಲ್ಲಿ 2024ರ ಜೂನ್ 28ಕ್ಕೆ, ಕ್ಯಾಲಿಫೋರ್ನಿಯಾದಲ್ಲಿ ನವೆಂಬರ್ 15ಕ್ಕೆ. ಎರಡೂ ಕಡೆ ಹಿಡಿದದ್ದು ಹೆಚ್ಚುಕಮ್ಮಿ 17 ತಿಂಗಳು.

ರೈಡು ಮುಚ್ಚಿತು ಎಂದು ಅಭಿಮಾನಿಗಳು ಅತ್ತರು, ಕೆಲವರು ಕಾಲುವೆಯ ನೀರನ್ನೇ ತುಂಬಿಸಿ ಇ-ಬೇಯಲ್ಲಿ ಮಾರಾಟಕ್ಕಿಟ್ಟರು. ಆದರೆ ಕಾಂಕ್ರೀಟು, ಕಾಲುವೆ, ಮೇಲೇರಿಸುವ ಬೆಲ್ಟು, ಕೊನೆಯ 45 ಡಿಗ್ರಿ ಇಳಿಜಾರು ಎಲ್ಲ ಇದ್ದಲ್ಲೇ ಉಳಿದವು. ಹೋದದ್ದು ಕಥೆ, ಹಾಡು, ಬೊಂಬೆಗಳು. ಅಂದರೆ ಇದು ಒಡಲನ್ನು ಉಳಿಸಿಕೊಂಡು ಉಸಿರು ಬದಲಿಸಿದ ಕೆಲಸ. ಆ ಒಡಲು ಒಂದು ನಿರ್ದಿಷ್ಟ ಕಥೆಗೆಂದೇ ಅಳತೆ ಕೊಟ್ಟು ಹೊಲಿಸಿದ್ದಾಗಿತ್ತು; ಈ ಪ್ರಕರಣದ ಗೆಲುವು ಸೋಲು ಎರಡೂ ಅಲ್ಲಿಂದಲೇ ಬಂದವು.

ಬೆಟ್ಟ ಹುಟ್ಟಿದ ಬಗೆ

1983ರಲ್ಲಿ ಡಿಸ್ನಿಯ ವಿನ್ಯಾಸಕಾರ ಟೋನಿ ಬ್ಯಾಕ್ಸ್ಟರ್ ಹೆದ್ದಾರಿಯ ವಾಹನದಟ್ಟಣೆಯಲ್ಲಿ ಸಿಕ್ಕಿಕೊಂಡಿದ್ದಾಗ ಈ ರೈಡು ಹೊಳೆಯಿತು ಎನ್ನುವುದು ಎಲ್ಲರೂ ಹೇಳುವ ಮಾತು. ಹೊಳೆದದ್ದಕ್ಕಿಂತ, ಅದರಿಂದ ಬಗೆಹರಿದ ಮೂರು ತಲೆನೋವುಗಳು ನಮಗೆ ಮುಖ್ಯ. ಡಿಸ್ನಿಲ್ಯಾಂಡ್‌ನ ‘ಬೇರ್ ಕಂಟ್ರಿ’ ಎಂಬ ವಿಭಾಗ 1972ರಲ್ಲಿ ತೆರೆದಿದ್ದರೂ ಪಾರ್ಕಿನ ಒಂದು ಮೂಲೆಯಲ್ಲಿತ್ತು. ಜನ ಅತ್ತ ಸುಳಿಯುತ್ತಿರಲಿಲ್ಲ. ಅಕ್ಕಪಕ್ಕದ ಪಾರ್ಕುಗಳಲ್ಲಿ ದಿಮ್ಮಿದೋಣಿಯ ನೀರಾಟ ಆಗಲೇ ಮಾಮೂಲಾಗಿತ್ತು. ಹತ್ತಿರದ ನಾಟ್ಸ್ ಬೆರ್ರಿ ಫಾರ್ಮ್‌ನಲ್ಲಿ 1969ರಿಂದಲೇ ಇತ್ತು, ಡಿಸ್ನಿಯಲ್ಲಿ ಮಾತ್ರ ಇಲ್ಲ. ಮೂರನೆಯದು, 1974ರಿಂದ ನಡೆಯುತ್ತಿದ್ದ ‘ಅಮೆರಿಕ ಸಿಂಗ್ಸ್’ ಪ್ರದರ್ಶನ ಮಂಕಾಗಿತ್ತು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಹಾಡುವ ಪ್ರಾಣಿಬೊಂಬೆಗಳನ್ನು ಏನು ಮಾಡುವುದು ಎಂದು ಯಾರಿಗೂ ಗೊತ್ತಿರಲಿಲ್ಲ.

ಆ ಬೊಂಬೆಗಳ ರೂಪ ಮಾರ್ಕ್ ಡೇವಿಸ್ ಅವರದು. ಬೆಟ್ಟದ ರೈಡಿಗೆ ಕಥೆಯಾಗಿ ಆರಿಸಿದ್ದು ಡಿಸ್ನಿಯದೇ 1946ರ ‘ಸಾಂಗ್ ಆಫ್ ದಿ ಸೌತ್’ ಚಿತ್ರ; ಅದರ ಅನಿಮೇಟರ್‌ಗಳಲ್ಲಿ ಅವರೂ ಒಬ್ಬರು. ಹಾಗಾಗಿ ಆ ಚಿತ್ರದ ಮೊಲ, ನರಿ, ಕರಡಿಗಳ ಪಕ್ಕದಲ್ಲಿ ‘ಅಮೆರಿಕ ಸಿಂಗ್ಸ್’ನ ಕಪ್ಪೆ, ಕೊಕ್ಕರೆ, ಹೆಬ್ಬಾತುಗಳನ್ನು ನಿಲ್ಲಿಸಿದರೆ ಒಂದೇ ಮನೆಯವರಂತೆ ಕಂಡವು. 1988ರ ಏಪ್ರಿಲ್‌ನಲ್ಲಿ ಹಳೆಯ ಪ್ರದರ್ಶನ ನಿಂತಿತು, ಬೊಂಬೆಗಳು ಬೆಟ್ಟಕ್ಕೆ ಬಂದವು. ಎರಡು ಹೆಬ್ಬಾತುಗಳ ಪಾಡು ಮಾತ್ರ ಬೇರೆಯಾಯಿತು: ಪುಕ್ಕ ಕಿತ್ತು, ಒಳಗಿನ ಯಂತ್ರವನ್ನಷ್ಟೇ ತೆಗೆದು ‘ಸ್ಟಾರ್ ಟೂರ್ಸ್’ ಎಂಬ ಇನ್ನೊಂದು ರೈಡಿನ ಸರದಿಸಾಲಿನಲ್ಲಿ ರೋಬಾಟುಗಳನ್ನಾಗಿ ಕೂರಿಸಿದರು. ಪ್ರದರ್ಶನ ಇನ್ನೂ ನಡೆಯುತ್ತಿರುವಾಗಲೇ ಹೆಬ್ಬಾತುಗಳ ನಾಲ್ವರ ತಂಡಗಳು ಮೂವರದ್ದಾದವು.

ಹೆಸರು ಕೊಟ್ಟವರು ಆಗಿನ ಮುಖ್ಯಸ್ಥ ಮೈಕೆಲ್ ಐಸ್ನರ್. ಅದು ಕಂಪನಿಯದೇ 1984ರ ‘ಸ್ಪ್ಲಾಶ್’ ಚಿತ್ರದ ನೆನಪಿನಲ್ಲಿ ಇಟ್ಟದ್ದು. ಚಿತ್ರದಲ್ಲಿ ಮತ್ಸ್ಯಕನ್ಯೆ, ರೈಡಿನಲ್ಲಿ ಮೊಲ, ಒಂದಕ್ಕೊಂದು ಸಂಬಂಧವೇ ಇಲ್ಲ. ಪರೀಕ್ಷೆಯ ಓಟದಲ್ಲಿ ದೋಣಿ ಕೆಳಗೆ ಬಿದ್ದಾಗ ಕೂತವರು ಬೇಕಾದ್ದಕ್ಕಿಂತ ಹೆಚ್ಚು ತೊಯ್ದರು. ದೋಣಿಗಳನ್ನು ಹೊಸದಾಗಿ ವಿನ್ಯಾಸ ಮಾಡಬೇಕಾಯಿತು, ಉದ್ಘಾಟನೆ ಮುಂದೆ ಹೋಗಿ 1989ರ ಜುಲೈ 17ಕ್ಕೆ ನಿಂತಿತು. ಟೋಕಿಯೊ ಮತ್ತು ಫ್ಲಾರಿಡಾದ ಪ್ರತಿಗಳು 1992ರಲ್ಲಿ ಬಂದವು.

ಮೊದಲೇ ಗೊತ್ತಿದ್ದ ತೊಡಕು

‘ಸಾಂಗ್ ಆಫ್ ದಿ ಸೌತ್’ ಬಿಡುಗಡೆಯಾದ ವರ್ಷವೇ ಟೀಕೆಗೆ ಗುರಿಯಾದ ಚಿತ್ರ. ಜೋಯೆಲ್ ಚಾಂಡ್ಲರ್ ಹ್ಯಾರಿಸ್ ಜಾರ್ಜಿಯಾದ ತೋಟವೊಂದರಲ್ಲಿ ಗುಲಾಮರ ಬಾಯಿಂದ ಕೇಳಿದ ಕಥೆಗಳನ್ನು 1880ರಿಂದ ಪುಸ್ತಕವಾಗಿ ತಂದಿದ್ದರು. ಆ ಕಥೆಗಳಲ್ಲಿ ಬಲವಿಲ್ಲದ ಮೊಲ ಬಲವಂತರನ್ನು ಬುದ್ಧಿಯಿಂದ ಗೆಲ್ಲುತ್ತದೆ. ಹೇಳಿದವರು ಯಾರು, ಯಾಕೆ ಹೇಳಿದರು ಎಂದು ಯೋಚಿಸಿದರೆ ಅದರ ಮೊನೆ ತಿಳಿಯುತ್ತದೆ. ಚಿತ್ರ ಆ ಮೊನೆಯನ್ನು ಮೊಂಡು ಮಾಡಿ, ತೋಟದ ಬದುಕೇ ಹಿತವಾಗಿತ್ತು ಎನ್ನುವಂತೆ ತೋರಿಸಿತು. ಕಪ್ಪು ಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿ ಆಗಲೇ ಆಕ್ಷೇಪ ಎತ್ತಿತ್ತು. ಅಟ್ಲಾಂಟಾದಲ್ಲಿ ಮೊದಲ ಪ್ರದರ್ಶನ ನಡೆದಾಗ, ಮುಖ್ಯ ಪಾತ್ರ ಮಾಡಿದ ಜೇಮ್ಸ್ ಬ್ಯಾಸ್ಕೆಟ್ ಅವರಿಗೇ ಅಲ್ಲಿನ ವರ್ಣಭೇದದಿಂದಾಗಿ ಬರಲಾಗಲಿಲ್ಲ. ಅಮೆರಿಕದ ಥಿಯೇಟರುಗಳಲ್ಲಿ ಚಿತ್ರ ಕೊನೆಯ ಸಲ ಕಂಡದ್ದು 1986ರಲ್ಲಿ. ಅಲ್ಲಿ ವಿಡಿಯೊ ಕ್ಯಾಸೆಟ್ಟಾಗಲಿ ಡಿಸ್ಕಾಗಲಿ ಬರಲೇ ಇಲ್ಲ.

1980ರ ದಶಕದ ವಿನ್ಯಾಸಕಾರರಿಗೆ ಇದೆಲ್ಲ ಗೊತ್ತಿತ್ತು ಎನ್ನಲು ರೈಡೇ ಸಾಕ್ಷಿ. ಕಥೆ ಹೇಳುವ ಅಂಕಲ್ ರೀಮಸ್ ಅದರಲ್ಲಿ ಎಲ್ಲೂ ಕಾಣುವುದಿಲ್ಲ. ಫ್ಲಾರಿಡಾದಲ್ಲಿ ಕಥೆ ಹೇಳಿದ್ದು ಒಂದು ಕಪ್ಪೆ. ಮೂಲದಲ್ಲಿ ಮೊಲ ಅಂಟಿಕೊಳ್ಳುವುದು ‘ಟಾರ್ ಬೇಬಿ’ ಎಂಬ ಟಾರಿನ ಬೊಂಬೆಗೆ. ಆ ಪದವೇ ಕಪ್ಪು ಜನರನ್ನು ಹೀಯಾಳಿಸಲು ಬಳಕೆಯಾಗಿತ್ತು. ರೈಡಿನಲ್ಲಿ ಅದರ ಬದಲು ಜೇನುಗೂಡು ಬಂತು. ಹೀಗೆ ಚುಚ್ಚುವ ಮುಳ್ಳುಗಳನ್ನೆಲ್ಲ ಕಿತ್ತು ರೈಡು ಕಟ್ಟಿದರು. ಮುಂದಿನ ಮೂರು ದಶಕ ಅದರಲ್ಲಿ ಕೂತ ಮಕ್ಕಳಲ್ಲಿ ಬಹುಪಾಲು ಆ ಚಿತ್ರವನ್ನು ನೋಡಿದವರೇ ಅಲ್ಲ. ನೋಡಬೇಕೆಂದರೂ ಸಿಗುತ್ತಿರಲಿಲ್ಲ. ಕಂಪನಿಯೇ ಕಪಾಟಿನಲ್ಲಿಟ್ಟು ಬೀಗ ಹಾಕಿದ ಚಿತ್ರದ ಹಾಡನ್ನು ಅದೇ ಕಂಪನಿಯ ಎರಡು ದೊಡ್ಡ ಪಾರ್ಕುಗಳ ನಡುಮಧ್ಯೆ ದಿನವಿಡೀ ನುಡಿಸುವುದು ಎಷ್ಟು ಕಾಲ ನಡೆದೀತು? ಈ ಪ್ರಶ್ನೆಗೆ 2020ಕ್ಕಿಂತ ಬಹಳ ಮೊದಲೇ ಉತ್ತರ ಹುಡುಕಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ.

ನೀರು, ಪಂಪು, ದೋಣಿ

ಹೊಸ ಕಥೆಯವರಿಗೆ ಸಿಕ್ಕಿದ್ದು ಎಂಥ ಯಂತ್ರ ಎಂದು ತಿಳಿಯದೆ ಮುಂದಿನದು ಅರ್ಥವಾಗದು. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ.

ದಿಮ್ಮಿದೋಣಿಗೆ ಎಂಜಿನ್ ಇಲ್ಲ. ತಳದಲ್ಲಿ ದೊಡ್ಡ ತೊಟ್ಟಿ, ಅಲ್ಲಿಂದ ನೀರನ್ನು ಪಂಪುಗಳು ಮೇಲಿನ ಹಂತಗಳಿಗೆ ಎತ್ತುತ್ತವೆ. ಅದು ಸಣ್ಣ ಇಳುಕಲಿನ ಕಾಲುವೆಯಲ್ಲಿ ಹರಿದು ವಾಪಸು ತೊಟ್ಟಿಗೆ ಸೇರುತ್ತದೆ. ಫೈಬರ್‌ಗ್ಲಾಸಿನ ದೋಣಿ ಆ ಹರಿವಿನಲ್ಲಿ ತೇಲುತ್ತ ಹೋಗುತ್ತದೆ. ಕಾಲುವೆಯ ಅಗಲ ದೋಣಿಗಿಂತ ಕೊಂಚವೇ ಹೆಚ್ಚು, ಗೋಡೆಗೆ ತಾಗಿದಾಗ ಉರುಳಲು ಪಕ್ಕದಲ್ಲಿ ಗಾಲಿಗಳಿರುತ್ತವೆ. ಏರಿನಲ್ಲಿ ಬೆಲ್ಟು ದೋಣಿಯನ್ನು ಹಿಡಿದೆತ್ತುತ್ತದೆ, ಹಿಂದಕ್ಕೆ ಜಾರದಂತೆ ತಡೆಹಲ್ಲು ಇರುತ್ತದೆ. ಇಳಿಜಾರಿನಲ್ಲಿ ಅಡಿಯ ಗಾಲಿಗಳು ಹಳಿಯ ಮೇಲೆ ಕೂರುತ್ತವೆ, ಅಲ್ಲಿಂದ ಮುಂದೆ ಎಲ್ಲ ಗುರುತ್ವಾಕರ್ಷಣೆಯ ಪಾಲು.

ಪಂಪು ನಿಂತರೆ ಮೇಲಿನ ಕಾಲುವೆಯ ನೀರೆಲ್ಲ ಕೆಳಗಿಳಿಯುತ್ತದೆ. ಅಷ್ಟನ್ನೂ ಹಿಡಿಯುವಷ್ಟು ತೊಟ್ಟಿ ದೊಡ್ಡದಿರಬೇಕು, ಇಲ್ಲದಿದ್ದರೆ ನಡುದಾರಿಗೆ ನೀರು ನುಗ್ಗುತ್ತದೆ. ಬೆಳಿಗ್ಗೆ ಶುರು ಮಾಡುವಾಗ ಮೊದಲು ಪಂಪು, ನೀರಿನ ಮಟ್ಟ ಒಂದು ಹದಕ್ಕೆ ಬಂದ ಮೇಲೆ ಖಾಲಿ ದೋಣಿಗಳು, ಆಮೇಲೆ ಜನ. ಒಂದು ಪಂಪು ಕೈಕೊಟ್ಟು ಮಟ್ಟ ಕೆಲವು ಅಂಗುಲ ಇಳಿದರೂ ತುಂಬಿದ ದೋಣಿ ಕಾಲುವೆಯ ತಳ ಕಚ್ಚುತ್ತದೆ. ಹಿಂದಿನದು ಬಂದು ಅದಕ್ಕೆ ಗುದ್ದುತ್ತದೆ. ಅದಕ್ಕೇ ಇಡೀ ದಾರಿಯನ್ನು ತುಂಡು ತುಂಡು ಮಾಡಿ ಪ್ರತಿ ತುಂಡಿಗೂ ಸೆನ್ಸರ್ ಕೂರಿಸುವುದು. ಒಳಹೋದ ದೋಣಿ ನಿಗದಿತ ಸಮಯಕ್ಕೆ ಹೊರಬರದಿದ್ದರೆ ಅದರ ಹಿಂದಿನ ಬೆಲ್ಟು ತಾನಾಗಿ ನಿಲ್ಲುತ್ತದೆ, ಅದರ ಹಿಂದಿನದೂ ನಿಲ್ಲುತ್ತದೆ. ಕೊನೆಯ ಜಾರಿಗಂತೂ ನಿಯಮ ಕಟ್ಟುನಿಟ್ಟು: ಬಿದ್ದ ದೋಣಿ ಕೆಳಗಿನ ಕೊಳವನ್ನು ದಾಟಿತು ಎಂದು ಖಾತ್ರಿಯಾಗದೆ ಮುಂದಿನದನ್ನು ಬಿಡುವಂತಿಲ್ಲ. ಸರದಿಯಲ್ಲಿ ನಿಂತವರಿಗೆ ‘ರೈಡು ಕೆಟ್ಟಿದೆ’ ಎಂದು ಕೇಳಿಸುವುದರಲ್ಲಿ ದೊಡ್ಡ ಪಾಲು ಹೀಗೆ ತನ್ನನ್ನು ತಾನೇ ತಡೆದುಕೊಂಡದ್ದು. ಯಾರದೋ ಟೋಪಿ ಹಾರಿ ಸೆನ್ಸರಿಗೆ ಅಡ್ಡ ಬಂದರೂ ಅಷ್ಟೇ.

ಇನ್ನೊಂದು ಕಾಯಿಲೆ ಕಣ್ಣಿಗೆ ಬೀಳುವುದಿಲ್ಲ. ದಿನವೂ ನೂರಾರು ಸಲ ಗೋಡೆಗೆ ತಾಗುವ ಫೈಬರ್‌ಗ್ಲಾಸಿನಲ್ಲಿ ಕೂದಲೆಳೆಯ ಬಿರುಕು ಮೂಡಿ, ದೋಣಿಯ ಟೊಳ್ಳು ಒಡಲಿಗೆ ನೀರು ಸೇರುತ್ತದೆ. ಮೇಲಿನಿಂದ ನೋಡಿದರೆ ಒಣಗಿದ ದೋಣಿ. ತೂಕ ಹೆಚ್ಚಿದ್ದರಿಂದ ತಗ್ಗಿ ತೇಲುತ್ತದೆ, ನಿಧಾನವಾಗುತ್ತದೆ, ಸೆನ್ಸರ್ ಸಮಯ ಮೀರುತ್ತದೆ. ಒಂದೇ ದೋಣಿ ಬೇರೆ ಬೇರೆ ಜಾಗಗಳಲ್ಲಿ ರೈಡು ನಿಲ್ಲಿಸುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಜಾಗ ಒಂದೇ ಆಗಿ ದೋಣಿ ಬೇರೆ ಬೇರೆಯಾದರೆ ಸೆನ್ಸರನ್ನೋ ನೀರಿನ ಮಟ್ಟವನ್ನೋ.

ಇಷ್ಟು ಯಂತ್ರದ ಮಾತು. ಕಥೆ ಕಟ್ಟುವವರಿಗೆ ಬೇಕಾದ ಲೆಕ್ಕ ಬೇರೆ. ಕಾಲುವೆ ಸುಮಾರು ಅರ್ಧ ಮೈಲಿ, ಅಂದರೆ 2,640 ಅಡಿ. ಫ್ಲಾರಿಡಾದಲ್ಲಿ ಸವಾರಿ ಸುಮಾರು 11 ನಿಮಿಷ. ಭಾಗಿಸಿದರೆ ಸರಾಸರಿ ವೇಗ ಸೆಕೆಂಡಿಗೆ 4 ಅಡಿ, ನಿಧಾನದ ನಡಿಗೆಯಷ್ಟು. 40 ಅಡಿ ಉದ್ದದ ದೃಶ್ಯದ ಮುಂದೆ ಜನ ಇರುವುದು 10 ಸೆಕೆಂಡು. ಹಿಂದೆಯೇ ಇನ್ನೊಂದು ದೋಣಿ ಬರುತ್ತಿರುತ್ತದೆ. ದೋಣಿಗೆ 8 ಜನ, 15 ಸೆಕೆಂಡಿಗೊಂದು ದೋಣಿ ಎಂದಿಟ್ಟುಕೊಂಡರೆ ಗಂಟೆಗೆ 240 ದೋಣಿ, 1,920 ಜನ. ಕ್ಯಾಲಿಫೋರ್ನಿಯಾದ್ದು ಒಬ್ಬರ ಹಿಂದೆ ಒಬ್ಬರು ಕೂರುವ ದೋಣಿ. 6 ಜನ ಎಂದರೆ ಅದೇ ಲೆಕ್ಕ 1,440ಕ್ಕೆ ಇಳಿಯುತ್ತದೆ. ಆದ್ದರಿಂದ ಬೊಂಬೆಯ ಮಾತು 8–10 ಸೆಕೆಂಡಿನೊಳಗೆ ಮುಗಿಯಬೇಕು, ನಡುವೆ ಕಿವಿಗೆ ಬಿದ್ದರೂ ತಿಳಿಯಬೇಕು. ಹಳೆಯ ರೈಡು ಈ ಕಷ್ಟವನ್ನು ಹಾಡಿನಿಂದ ದಾಟಿತ್ತು. ಹಾಡಿನ ತುಣುಕು ಸುತ್ತಿ ಸುತ್ತಿ ಬರುತ್ತಿದ್ದರೆ ದೋಣಿ ಯಾವಾಗ ಬಂದರೂ ಸರಿಯೇ, ನಿಂತರೂ ಸರಿಯೇ. ಮಾತಿಗೆ ಆ ಸೌಕರ್ಯವಿಲ್ಲ.

ಮತ್ತೆ ಆ ಕೊನೆಯ ಜಾರು. ಡಿಸ್ನಿಲ್ಯಾಂಡ್‌ನಲ್ಲಿ ಎತ್ತರ 52.5 ಅಡಿ, ಕೋನ 45 ಡಿಗ್ರಿ. ಘರ್ಷಣೆಯೇ ಇಲ್ಲ ಎಂದುಕೊಂಡರೂ ಕೆಳಗೆ ಮುಟ್ಟುವ ಹೊತ್ತಿಗೆ ಗಂಟೆಗೆ ಸುಮಾರು 64 ಕಿಲೋಮೀಟರ್. ಜಾಹೀರಾತಿನ 40 ಮೈಲಿ ಅಂದರೂ ಹತ್ತಿರಹತ್ತಿರ ಅಷ್ಟೇ. ನಿಂತಲ್ಲಿಂದ ಜಾರಿದರೆ ಹಿಡಿಯುವ ಹೊತ್ತು ಎರಡೂವರೆ ಸೆಕೆಂಡು. ಹನ್ನೊಂದು ನಿಮಿಷದ ಕಥೆಯೆಲ್ಲ ಈ ಎರಡೂವರೆ ಸೆಕೆಂಡಿಗಾಗಿ ಕಾಯುವುದು.

ಮುಚ್ಚುವ ಲೆಕ್ಕಾಚಾರ

ಬದಲಾವಣೆಯ ಪ್ರಕಟಣೆ ಬಂದದ್ದು 2020ರ ಜೂನ್ 25ರಂದು. ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯ ಹತ್ಯೆಯಾಗಿ ಸರಿಯಾಗಿ ಒಂದು ತಿಂಗಳಾಗಿತ್ತು, ಅಮೆರಿಕದ ಬೀದಿಗಳು ಕುದಿಯುತ್ತಿದ್ದವು. ಕೆಲಸ 2019ರಿಂದಲೇ ನಡೆದಿದೆ ಎಂದು ಕಂಪನಿ ಹೇಳಿತು. ರೈಡು ಬದಲಿಸಿ ಎಂದು ಒಂದು ಆನ್‌ಲೈನ್ ಅರ್ಜಿ, ಉಳಿಸಿ ಎಂದು ಇನ್ನೊಂದು. ಎರಡಕ್ಕೂ ಸಹಿಗಳ ಮಳೆ. ಹೊಸ ಕಥೆಗೆ ಆರಿಸಿದ್ದು 2009ರ ‘ದಿ ಪ್ರಿನ್ಸೆಸ್ ಆ್ಯಂಡ್ ದಿ ಫ್ರಾಗ್’. ಅದರ ನಾಯಕಿ ಟಿಯಾನಾ ಡಿಸ್ನಿಯ ಮೊದಲ ಕಪ್ಪು ರಾಜಕುಮಾರಿ. ಊರು ನ್ಯೂ ಓರ್ಲಿಯನ್ಸ್. ಡಿಸ್ನಿಲ್ಯಾಂಡ್‌ನಲ್ಲಿ ಬೆಟ್ಟದ ಪಕ್ಕವೇ ನ್ಯೂ ಓರ್ಲಿಯನ್ಸ್ ಚೌಕ ಇರುವುದರಿಂದ ಅಲ್ಲಿ ಹೊಂದಿಕೊಂಡಿತು. ಫ್ಲಾರಿಡಾದಲ್ಲಿ ಪಕ್ಕದ್ದು ಗಡಿನಾಡಿನ ಕೌಬಾಯ್ ಊರು. ಅಲ್ಲಿ ಒಗ್ಗದು ಎಂಬ ದೂರಿನಲ್ಲಿ ಹುರುಳಿತ್ತು.

ಪ್ರಕಟಣೆಗೂ ಬಾಗಿಲು ಹಾಕುವುದಕ್ಕೂ ನಡುವೆ ಎರಡೂವರೆ ವರ್ಷ. ಈ ಅಂತರ ಅಭಿಮಾನಿಗಳಿಗೆ ಒಳ್ಳೆಯದಾಯಿತು, ಕೊನೆಯ ಸವಾರಿಗೆಂದು ಬಂದವರು ಗಂಟೆಗಟ್ಟಲೆ ನಿಂತರು. ಕಂಪನಿಗೆ ಅಷ್ಟು ಒಳ್ಳೆಯದಾಗಲಿಲ್ಲ, ಏಕೆಂದರೆ ಹೋಗುವ ರೈಡಿಗೆ ಯಾರೂ ದುಡ್ಡು ಸುರಿಯುವುದಿಲ್ಲ. ಇಂಥ ಅವಧಿಯಲ್ಲಿ ಕೈಮುರಿದ ಬೊಂಬೆ, ಸುಟ್ಟ ದೀಪ ಹಾಗೇ ಉಳಿಯುವುದು ಎಲ್ಲ ಪಾರ್ಕುಗಳಲ್ಲೂ ಇರುವ ರೂಢಿ. ಆಮೇಲೆ ‘ನೋಡಿ, ಹೇಗೂ ಹಾಳಾಗಿತ್ತಲ್ಲ’ ಎನ್ನಲು ಅದೇ ಕಾರಣವಾಗುತ್ತದೆ.

ಎರಡು ಪಾರ್ಕನ್ನು ಒಟ್ಟಿಗೆ ಮುಚ್ಚದೆ ನಾಲ್ಕು ತಿಂಗಳ ಅಂತರ ಇಟ್ಟದ್ದು ಜಾಣತನ. ಬೊಂಬೆ ಮಾಡುವವರು, ಪ್ರೋಗ್ರಾಂ ಬರೆಯುವವರು, ಬಂಡೆಗೆ ಬಣ್ಣ ಬಳಿಯುವವರು ಮೊದಲ ಬೆಟ್ಟದಲ್ಲಿ ಎಡವಿದ್ದನ್ನು ಎರಡನೆಯದರಲ್ಲಿ ತಿದ್ದಬಹುದು. ಫ್ಲಾರಿಡಾದಲ್ಲಿ ಜನವರಿಗೆ ಮುಚ್ಚಿದ್ದಕ್ಕೂ ಅರ್ಥವಿದೆ, ಚಳಿಯಲ್ಲಿ ತೊಯ್ಯಲು ಬರುವವರು ಕಡಿಮೆ.

ಬೊಂಬೆ, ಬೆಟ್ಟ, ಉಪ್ಪು

ಕ್ಯಾಲಿಫೋರ್ನಿಯಾದ ಬೆಟ್ಟದಲ್ಲಿ ಹಾಡುತ್ತಿದ್ದ ಕೆಲವು ಬೊಂಬೆಗಳು 1974ರಿಂದ, ಅಂದರೆ 49 ವರ್ಷ ದುಡಿದಿದ್ದವು. ಆ ಕಾಲದ ಬೊಂಬೆ ಕೈ ಆಡಿಸುವುದು ಗಾಳಿಯ ಒತ್ತಡದಿಂದ, ಭಾರದ ಚಲನೆಯಾದರೆ ಎಣ್ಣೆಯ ಒತ್ತಡದಿಂದ. ಎಣ್ಣೆಯ ಕೊಳವೆ ಸೋರಿದರೆ ಬಟ್ಟೆ ಕೆಡುತ್ತದೆ, ಕಾಲುವೆಯ ನೀರೂ ಕೆಡುತ್ತದೆ. ಔಷಧ ಬೆರೆಸಿದ ನೀರಿನ ಆವಿ ಮುಚ್ಚಿದ ಕಟ್ಟಡದೊಳಗೆ ಹಗಲಿರುಳೂ ಇರುವುದರಿಂದ ಕಬ್ಬಿಣ ತುಕ್ಕು ಹಿಡಿಯುತ್ತದೆ, ತುಪ್ಪಳ ಕೊಳೆಯುತ್ತದೆ, ರಬ್ಬರ್ ಚರ್ಮ ಬಿರಿಯುತ್ತದೆ. ಹಳೆಯ ರೈಡನ್ನು ಪ್ರೀತಿಸುವವರು ‘ಆ ವಾಸನೆ’ ಎಂದು ಕಣ್ಣು ಮುಚ್ಚಿ ನೆನೆಯುವುದು ಬೊಂಬೆಗಳನ್ನು ತಿನ್ನುತ್ತಿದ್ದ ಅದೇ ನೀರನ್ನು.

ಹೊಸ ಬೊಂಬೆಗಳು ವಿದ್ಯುತ್ ಮೋಟಾರಿನವು. ಎಣ್ಣೆ ಸೋರುವ ಭಯವಿಲ್ಲ, ಚಲನೆ ನಯ, ಮುಖದ ಭಾವ ಸೂಕ್ಷ್ಮ. ಟಿಯಾನಾಳ ಬೊಂಬೆ ತಲೆ ಓರೆ ಮಾಡಿ, ಉಸಿರೆಳೆದು, ಮಾತಿನ ಕೊನೆಗೆ ಹುಬ್ಬು ಏರಿಸುವುದನ್ನು ಹತ್ತಿರದಿಂದ ನೋಡಿದರೆ ಹಳೆಯ ಮೊಲದ ಕಟಕಟ ಎನ್ನುವ ಕತ್ತಿಗೂ ಇದಕ್ಕೂ ಎಷ್ಟು ದೂರ ಎಂದು ತಿಳಿಯುತ್ತದೆ. ಧ್ವನಿ ಚಿತ್ರದಲ್ಲಿ ಟಿಯಾನಾಗೆ ದನಿಯಾದ ಅನಿಕಾ ನೋನಿ ರೋಸ್ ಅವರದೇ. ಸಂಗೀತಕ್ಕೆ ನ್ಯೂ ಓರ್ಲಿಯನ್ಸ್‌ನವರಾದ ಟೆರೆನ್ಸ್ ಬ್ಲಾನ್ಚಾರ್ಡ್ ಮತ್ತು ಪಿಜೆ ಮಾರ್ಟನ್ ಅವರನ್ನು ಕರೆಸಿದರು. ಈ ವಿಭಾಗದಲ್ಲಿ ಕೊರತೆ ಹುಡುಕುವುದು ಕಷ್ಟ. ಒಂದೇ ದೂರು ಎಂದರೆ ಎಣಿಕೆ: ಹಳೆಯದರಲ್ಲಿ ಮೂಲೆಮೂಲೆಗೂ ಒಂದು ಇಲಿಯೋ ಆಮೆಯೋ ಇಣುಕುತ್ತಿತ್ತು, ಹೊಸದರಲ್ಲಿ ಒಂದು ಒಳ್ಳೆಯ ಬೊಂಬೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಬರೀ ಗಿಡ, ಕತ್ತಲೆ. ದುಬಾರಿ ಬೊಂಬೆ ಅಂದರೆ ಕಡಿಮೆ ಬೊಂಬೆ. ಗಂಟೆಗಟ್ಟಲೆ ಕೂತು ನೋಡುವ ನಾಟಕಕ್ಕೆ ಅದು ಸರಿ. 10 ಸೆಕೆಂಡಿನಲ್ಲಿ ದಾಟುವ ದೃಶ್ಯಕ್ಕೆ, ಹುಬ್ಬು ಏರಿಸುವ ಒಂದು ಬೊಂಬೆಗಿಂತ ತಲೆಯಷ್ಟೇ ಆಡಿಸುವ ಐದು ಬೊಂಬೆ ಹೆಚ್ಚು ಕೆಲಸ ಮಾಡುತ್ತವೆ ಎಂಬುದನ್ನು ಮಾರ್ಕ್ ಡೇವಿಸ್ ಕಾಲದವರು ಬಲ್ಲವರಾಗಿದ್ದರು.

ಹೊರಗಿನ ಬೆಟ್ಟದ್ದು ಬೇರೆಯೇ ಫಜೀತಿ. ಲೂಸಿಯಾನದ ಜೌಗುನಾಡು ತಟ್ಟೆಯಂತೆ ಸಪಾಟು, ಅಲ್ಲಿ ಬೆಟ್ಟ ಎಲ್ಲಿಂದ ಬರಬೇಕು? ಉತ್ತರ ಭೂವಿಜ್ಞಾನದಲ್ಲಿ ಸಿಕ್ಕಿತು. ಆ ಕರಾವಳಿಯಲ್ಲಿ ನೆಲದಡಿಯ ಉಪ್ಪು ಉಬ್ಬಿ ಮೇಲೆದ್ದ ದಿಬ್ಬಗಳಿವೆ. ಟಬಾಸ್ಕೊ ಸಾಸ್ ತಯಾರಾಗುವ ಏವರಿ ದ್ವೀಪ ಅಂಥದ್ದೇ ಒಂದು. ಹಾಗಾಗಿ ಬೆಟ್ಟ ಉಪ್ಪಿನ ದಿಬ್ಬವಾಯಿತು. ಟಿಯಾನಾ ಅಲ್ಲಿ ದುಡಿಯುವವರೇ ಒಡೆಯರಾಗಿರುವ ಆಹಾರದ ಸಹಕಾರ ಸಂಘ ನಡೆಸುತ್ತಾಳೆ. ನೆತ್ತಿಯಲ್ಲಿದ್ದ ಮರದ ಬೊಡ್ಡೆ ಹೋಗಿ ಕಿರೀಟ ತೊಟ್ಟ ನೀರಿನ ತೊಟ್ಟಿ ಬಂತು. ವಿವರಣೆ ಸರಿಯಾಗಿಯೇ ಇದೆ, ಆದರೆ ಅದನ್ನು ಸರದಿಯಲ್ಲಿ ಗೋಡೆಗಂಟಿಸಿದ ಕಾಗದಪತ್ರ ಓದಿ ತಿಳಿಯಬೇಕು. ಬೆಟ್ಟ ಯಾಕಿದೆ ಎಂಬುದಕ್ಕೆ ಇಷ್ಟು ತಲೆಕೆಡಿಸಿಕೊಂಡವರು, ಬೆಟ್ಟದಿಂದ ಯಾಕೆ ಬೀಳಬೇಕು ಎಂಬುದನ್ನು ಮರೆತರು.

ಬೀಳುವುದಕ್ಕೆ ಕಾರಣ

ಹಳೆಯ ರೈಡಿನಲ್ಲಿ ಮೊಲ ಮನೆ ಬಿಟ್ಟು ಹೊರಡುತ್ತದೆ. ನರಿ, ಕರಡಿ ಬೆನ್ನು ಹತ್ತುತ್ತವೆ. ಬಿಸಿಲು, ಹಾಡು, ಸಣ್ಣಪುಟ್ಟ ಜಾರು. ಜೇನುಗೂಡಿನ ದೃಶ್ಯ ಮುಗಿಯುತ್ತಲೇ ಬೆಳಕು ಇಳಿಯುತ್ತದೆ, ಹಾಡು ತಗ್ಗುತ್ತದೆ, ಮೊಲ ಸಿಕ್ಕಿಬೀಳುತ್ತದೆ. ಕೊನೆಯ ಏರಿನ ಬುಡದಲ್ಲಿ ಎರಡು ರಣಹದ್ದುಗಳು ಕೂತು ಸವಾರರನ್ನೇ ಹಂಗಿಸುತ್ತವೆ. ಕಟ್ಟಿಹಾಕಿದ ಮೊಲ ನರಿಗೆ ಅಂಗಲಾಚುತ್ತದೆ, ಏನು ಬೇಕಾದರೂ ಮಾಡು, ಮುಳ್ಳುಪೊದೆಗೆ ಮಾತ್ರ ಎಸೆಯಬೇಡ. ನರಿ ಎಸೆಯುತ್ತದೆ. ಆ ಕ್ಷಣ ದೋಣಿ ಜಾರುತ್ತದೆ, ಕೆಳಗಿರುವುದು ಮುಳ್ಳುಪೊದೆ. ಮೊಲ ಹುಟ್ಟಿ ಬೆಳೆದದ್ದೇ ಅಲ್ಲಿ, ಗೆದ್ದದ್ದು ಅದೇ.

ಇದಕ್ಕಿಂತ ಬಿಗಿಯಾಗಿ ಯಂತ್ರಕ್ಕೂ ಕಥೆಗೂ ಗಂಟು ಹಾಕಲು ಬಾರದು. ಸವಾರನ ಹೊಟ್ಟೆಯಲ್ಲಿ ಏಳುವ ಭಯವೇ ಮೊಲದ ಭಯ, ಕೆಳಗೆ ತಲುಪಿ ನಕ್ಕ ನಗುವೇ ಮೊಲದ ನಗು.

ಹೊಸ ಕಥೆಯಲ್ಲಿ ಟಿಯಾನಾ ಮಾರ್ಡಿ ಗ್ರಾ ಹಬ್ಬದ ಕೂಟಕ್ಕೆ ಸಂಗೀತಗಾರರನ್ನು ಹುಡುಕುತ್ತಿದ್ದಾಳೆ. ಲೂಯಿ ಎಂಬ ತುತ್ತೂರಿ ಊದುವ ಮೊಸಳೆಯ ಜೊತೆ ನಾವೂ ಜೌಗಿಗೆ ಹೋಗುತ್ತೇವೆ. ಮಾಮಾ ಓಡಿ ಎಂಬ ಮಂತ್ರವಾದಿ ಅಜ್ಜಿ ನಮ್ಮನ್ನು ಕಪ್ಪೆಯಷ್ಟು ಕುಗ್ಗಿಸುತ್ತಾಳೆ, ಪ್ರಾಣಿಗಳ ವಾದ್ಯಮೇಳ ಸಿಗುತ್ತದೆ. ಕೊನೆಯ ಏರಿನಲ್ಲಿ ಮತ್ತೆ ಮಂತ್ರ ಹಾಕಿ ಮೊದಲಿನ ಗಾತ್ರಕ್ಕೆ ತಂದು ಕೂಟಕ್ಕೆ ಕಳಿಸುತ್ತಾಳೆ. ದೋಣಿ 50 ಅಡಿ ಬೀಳುತ್ತದೆ. ಯಾರೂ ಬೆನ್ನಟ್ಟಿರಲಿಲ್ಲ, ಯಾವ ಅಪಾಯವೂ ಇರಲಿಲ್ಲ. ಕೂಟಕ್ಕೆ ಹೋಗಲು ಬಾಗಿಲು ಸಾಕಿತ್ತು. ಚಿತ್ರದ ಖಳ ಡಾಕ್ಟರ್ ಫಸಿಲಿಯೆ ಚಿತ್ರದ ಕೊನೆಗೇ ಇಲ್ಲವಾಗಿದ್ದಾನೆ, ರೈಡು ಅದರ ಮುಂದಿನ ಕಥೆಯಾದ್ದರಿಂದ ಅವನನ್ನು ತರಲಿಲ್ಲ ಎಂಬುದು ಸರಿಯಾದ ತರ್ಕವೇ. ಆದರೆ ಖಳನೇ ಆಗಬೇಕಿರಲಿಲ್ಲ. ಬಿರುಗಾಳಿ, ಒಡೆದ ಒಡ್ಡು, ತಪ್ಪಿದ ಮಂತ್ರ, ಏನಾದರೂ ಒಂದು ನಮ್ಮನ್ನು ತಳ್ಳಬೇಕಿತ್ತು.

ಹೋಲಿಕೆಗೆ ಇದೇ ಕಂಪನಿಯ ಇನ್ನೆರಡು ಬದಲಾವಣೆ ನೋಡಬಹುದು. ಫ್ಲಾರಿಡಾದ ಇನ್ನೊಂದು ಡಿಸ್ನಿ ಪಾರ್ಕು ಎಪ್ಕಾಟ್‌ನ ನಾರ್ವೆ ವಿಭಾಗದಲ್ಲಿದ್ದ ‘ಮೇಲ್‌ಸ್ಟ್ರಾಮ್’ 2014ರ ಅಕ್ಟೋಬರ್ 5ರಂದು ನಿಂತು, 2016ರ ಜೂನ್ 21ಕ್ಕೆ ಅದೇ ದೋಣಿ ಅದೇ ಕಾಲುವೆಯಲ್ಲಿ ‘ಫ್ರೋಜನ್ ಎವರ್ ಆಫ್ಟರ್’ ಆಯಿತು. ಅದರ ಯಂತ್ರದ ವಿಶೇಷ, ದೋಣಿ ಒಂದು ಕಡೆ ಹಿಮ್ಮುಖವಾಗಿ ಹೊರಡುವುದು. ಮೊದಲು ಅದನ್ನು ರಾಕ್ಷಸ ಮಂತ್ರ ಹಾಕಿ ತಳ್ಳುತ್ತಿದ್ದ. ಹೊಸದರಲ್ಲಿ ‘ಫ್ರೋಜನ್’ ಚಿತ್ರದ ಎಲ್ಸಾ ಕೈ ಬೀಸಿ, ಹತ್ತಿರ ಬರಬೇಡಿ ಎಂಬಂತೆ ಹಿಂದಕ್ಕೆ ಕಳಿಸುತ್ತಾಳೆ. ಕಥೆ ಬದಲಾದರೂ ತಳ್ಳುವ ಕೈಯೊಂದು ಉಳಿಯಿತು. ಇನ್ನೊಂದು ಕ್ಯಾಲಿಫೋರ್ನಿಯಾದ ‘ಟವರ್ ಆಫ್ ಟೆರರ್’. 2017ರ ಜನವರಿಯಲ್ಲಿ ಮುಚ್ಚಿ ಮೇ 27ಕ್ಕೆ ‘ಗಾರ್ಡಿಯನ್ಸ್’ ರೈಡಾಗಿ ತೆರೆಯಿತು, ಐದು ತಿಂಗಳೂ ಹಿಡಿಯಲಿಲ್ಲ. ಅಲ್ಲಿ ಲಿಫ್ಟನ್ನು ಮೋಟಾರು ಎಳೆದು ಬೀಳಿಸುತ್ತದೆ, ಯಾವಾಗ ಎಷ್ಟು ಬೀಳಬೇಕು ಎಂಬುದು ಪ್ರೋಗ್ರಾಂನ ಕೈಯಲ್ಲಿದೆ. ಆರು ಹಾಡಿಗೆ ಆರು ಬಗೆಯ ಬೀಳುವಿಕೆ ಬರೆದುಬಿಟ್ಟರು. ನೀರಿನ ಜಾರಿನಲ್ಲಿ ಆ ಸ್ವಾತಂತ್ರ್ಯವಿಲ್ಲ. ಗುರುತ್ವಾಕರ್ಷಣೆ ಪ್ರೋಗ್ರಾಂ ಕೇಳುವುದಿಲ್ಲ, ಆದ್ದರಿಂದ ಕಥೆಯೇ ಯಂತ್ರದ ಮಾತು ಕೇಳಬೇಕಿತ್ತು.

ಮೊದಲ ವಾರಗಳು

ಫ್ಲಾರಿಡಾದಲ್ಲಿ ಸಾರ್ವಜನಿಕರಿಗೆ ಬಿಡುವ ಮೊದಲು ಸಿಬ್ಬಂದಿಗೂ ವಾರ್ಷಿಕ ಪಾಸಿನವರಿಗೂ ತೋರಿಸುವಾಗಲೇ ರೈಡು ಮತ್ತೆ ಮತ್ತೆ ನಿಂತಿತು. ತೆರೆದ ಮೇಲೂ ಹಾಗೆಯೇ. ಫೋನಿನಲ್ಲೇ ಸರದಿ ಹಿಡಿಯುವ ವ್ಯವಸ್ಥೆ ಇದ್ದುದರಿಂದ ಬಿಸಿಲಲ್ಲಿ ಕಾಯುವ ಕಷ್ಟ ಕಡಿಮೆಯಾಯಿತೇ ಹೊರತು, ನಿಂತ ಹೊತ್ತು ಕಡಿಮೆಯಾಗಲಿಲ್ಲ. ಹಳೆಯ ರೈಡೂ ಪದೇ ಪದೇ ನಿಲ್ಲುತ್ತಿತ್ತು ಎಂಬುದನ್ನು ಜನ ಅಷ್ಟರಲ್ಲಿ ಮರೆತಿದ್ದರು.

ಇದು ಅಚ್ಚರಿಯಲ್ಲ. 1992ರ ಕಾಲುವೆಗೆ 2024ರ ಪ್ರದರ್ಶನ ವ್ಯವಸ್ಥೆಯನ್ನು ಜೋಡಿಸಿದರೆ ತೊಂದರೆ ಕಾಣುವುದು ಜೋಡಣೆಯಲ್ಲೇ. ದೋಣಿ ಬಂದದ್ದನ್ನು ಹೇಳುವ ಸಂಕೇತ ಬೊಂಬೆಯ ಮಾತನ್ನು ಶುರು ಮಾಡಬೇಕು. ಆದರೆ ನೀರಿನ ಮೇಲಿನ ದೋಣಿ ಹಳಿಯ ಬಂಡಿಯಂತೆ ಕರಾರುವಾಕ್ಕಾಗಿ ಬರುವುದಿಲ್ಲ. ತೂಕ ಹೆಚ್ಚಿದ್ದರೆ ತಡ, ಕಡಿಮೆ ಇದ್ದರೆ ಬೇಗ, ಎರಡು ದೋಣಿ ಒಂದಕ್ಕೊಂದು ಅಂಟಿಕೊಂಡರೆ ಒಂದೇ ಸಂಕೇತಕ್ಕೆ ಇಬ್ಬರು ಗಿರಾಕಿಗಳು. ಹಾಡು ಸುತ್ತುತ್ತಿದ್ದ ರೈಡಿನಲ್ಲಿ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾತಾಡುವ ರೈಡಿನಲ್ಲಿ ಲೂಯಿ ಹೇಳಿದ್ದನ್ನೇ ಹೇಳುತ್ತ ನಿಲ್ಲುತ್ತಾನೆ. ಖಾಲಿ ದೋಣಿ ಓಡಿಸಿ ಹೊಂದಿಸಿದ ಸಮಯ ತುಂಬಿದ ದೋಣಿಗೆ ಹೊಂದುವುದಿಲ್ಲವಾದ್ದರಿಂದ, ಇಂಥ ರೈಡಿನ ಪರೀಕ್ಷೆಗೆ ಮನುಷ್ಯರ ತೂಕದ ನೀರುಚೀಲ ತುಂಬಿಸಿ, ಮುಂದೆ ಭಾರ, ಹಿಂದೆ ಭಾರ, ಒಂದೇ ಪಕ್ಕ ಭಾರ ಎಂದು ಬೇರೆ ಬೇರೆಯಾಗಿ ಓಡಿಸಬೇಕಾಗುತ್ತದೆ. ನೀರು ತಣ್ಣಗಿರುವ ಬೆಳಿಗ್ಗೆ, ಗಾಳಿ ಬೀಸುವ ಸಂಜೆ, ಎರಡೂ ಹೊತ್ತು ನೋಡಬೇಕಾಗುತ್ತದೆ. 17 ತಿಂಗಳಲ್ಲಿ ಬೊಂಬೆ ಕೂರಿಸುವ ಕೆಲಸ ಎಷ್ಟು ತಿನ್ನುತ್ತದೋ ಅಷ್ಟು ಈ ಪರೀಕ್ಷೆಯ ದಿನಗಳೇ ಕಡಿಮೆಯಾಗುತ್ತವೆ.

ಟೋಕಿಯೊ ಡಿಸ್ನಿಲ್ಯಾಂಡ್‌ನ ಒಡೆತನ ಓರಿಯೆಂಟಲ್ ಲ್ಯಾಂಡ್ ಕಂಪನಿಯದು. ಅದು ಡಿಸ್ನಿಯಿಂದ ಪರವಾನಗಿ ಪಡೆದು ನಡೆಸುತ್ತದೆ. 1992ರ ಅಕ್ಟೋಬರ್ 1ರಂದು ತೆರೆದ ಅಲ್ಲಿನ ಸ್ಪ್ಲಾಶ್ ಮೌಂಟನ್ ಬದಲಾವಣೆಯ ಪಟ್ಟಿಗೆ ಸೇರಲಿಲ್ಲ. ಅಮೆರಿಕದ ಎರಡೂ ಬೆಟ್ಟಗಳಲ್ಲಿ ಮಾಮಾ ಓಡಿ ಮಂತ್ರ ಹಾಕುತ್ತಿರುವಾಗ, ಟೋಕಿಯೊದ ಕೊನೆಯ ಏರಿನಲ್ಲಿ ಆ ರಣಹದ್ದುಗಳು ಇನ್ನೂ ಕೂತಿವೆ.